ರಾಜಪಾರ್ಟಿನ ಮಗಳ ಗೊಂಬೆ ಪರೀಕ್ಷೆ

ಗುಡ್ನಾಪುರ
ನವೆಂಬರ್ 3, 2024

ಆಸ್ಪತ್ರೆಯ ಹಾಸ್ಟೆಲಿನ ಕೋಣೆಯಲ್ಲಿ, ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಬಾಗಿಲ ಸಂದಿಯಲ್ಲಿ ನೆರೆದಿರುವ ಮಹಾಜನರೇ! ಪಾಳಿ ಮುಗಿಸಿ ಬಂದವರು ಕಾಲು ಚಾಚಿ ಕೇಳಿ, ಪಾಳಿಗೆ ಹೊರಟವರು ಜಡೆ ಹೆಣೆಯುತ್ತಲೇ ಕೇಳಿ. ಈ ಸೀಮೆಯ ನಾಟಕಗಳಲ್ಲಿ ಕೂದಲು ಹಣ್ಣಾಗುವ ತನಕ ರಾಜಪಾರ್ಟು ಮಾಡಿದ ಗುಡ್ನಾಪುರದ ಮಧುಕೇಶ್ವರ ತನ್ನ ಒಬ್ಬಳೇ ಮಗಳು ವಾಣಿಶ್ರೀಗೆ ಬರೆದ ಪತ್ರವಿದು. ಫೋನು ಮಾಡಬಾರದೆಂದು ನಿಮ್ಮ ವಾರ್ಡನ್ ಹೇಳಿ ಕಳಿಸಿದ್ದಾರೆ. ನಾನು ಇಲ್ಲಿ "ಹಲೋ" ಅಂದರೆ ಅಲ್ಲಿ ಶಿರಸಿಯಲ್ಲಿ ರಾತ್ರಿ ಪಾಳಿ ಮಾಡಿ ಮಲಗಿದವರೆಲ್ಲ ಎದ್ದು ಕೂರುತ್ತಾರಂತೆ. ನಟನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ಆದರೂ ದುಡಿದು ಬಂದವರ ನಿದ್ದೆಗೆ ಮರ್ಯಾದೆ ಕೊಡಬೇಕು. ಅದಕ್ಕೇ ಈ ಪತ್ರ. ಮಗಳು ಗಟ್ಟಿಯಾಗಿ ಓದಲಿ, ನೀವು ಹೂಂಗುಟ್ಟಿ.

ಮಗಳೇ, ನಿನ್ನ ಕೆಲಸದ ಸುದ್ದಿಯನ್ನು ತಾಲೀಮು ಮನೆಯಲ್ಲಿ ಹೇಳಿದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಜಾಗವೊಂದಿದೆ, ಅದಕ್ಕೆ ಎನ್‌ಐಸಿಯು ಎನ್ನುತ್ತಾರೆ, ಅಲ್ಲಿ ನಮ್ಮ ವಾಣಿ ಸಿಸ್ಟರ್ ಆಗುತ್ತಾಳೆ ಎಂದೆ. ಹಾರ್ಮೋನಿಯಂ ಶಾಂತಾರಾಮ ಕೂಡಲೇ, "ಆಗ್ತಾಳೋ, ಆಗ್ಯಾಳೋ?" ಎಂದ. ಅವನ ಬಾಯಿಯೂ ಅವನ ಹಾರ್ಮೋನಿಯಂ ಹಾಗೇ, ಒಂದು ಸ್ವರದ ಮನೆ ಯಾವಾಗಲೂ ಅಪಸ್ವರ. ಮೂರು ತಿಂಗಳು ಕಲಿಯಬೇಕು, ನಡುವೆ ಗೊಂಬೆಯೊಂದರ ಮೇಲೆ ಪರೀಕ್ಷೆ, ಗೆದ್ದರೆ ಅಲ್ಲೇ ಕಾಯಂ, ಸೋತರೆ ಜನರಲ್ ವಾರ್ಡು ಎಂದು ವಿವರಿಸಿದೆ. ಸೋಲಿನ ಮಾತನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳಿದೆ. ನನ್ನ ಸಣ್ಣ ದನಿ ಕೆರೆಯ ಏರಿಯ ತನಕ ಕೇಳಿತೆಂದು ನಿನ್ನವ್ವ ಆಮೇಲೆ ಹೇಳಿದಳು.

ಪರೀಕ್ಷೆಗೆ ನನ್ನದು ಒಂದೇ ಉಪದೇಶ. ನಿನಗೆ ಗೊತ್ತಿರುವ ಕಥೆಯೇ, ಆದರೆ ನಿನ್ನ ಗೆಳತಿಯರು ಕೇಳಿಲ್ಲ. ಕಿರವತ್ತಿಯಲ್ಲಿ ನಮ್ಮ ನಾಟಕ. ದರ್ಬಾರಿನ ಸೀನು. ಸಿಂಹಾಸನದಲ್ಲಿ ನಾನು. "ಯಾರಲ್ಲಿ" ಎಂದು ಗರ್ಜಿಸಿದ ರಭಸಕ್ಕೆ ಅಂಟಿಸಿದ್ದ ಮೀಸೆಯ ಎಡಗಡೆ ಕಿತ್ತುಹೋಗಿ ಎದುರು ಬಗ್ಗಿದ್ದ ದೂತನ ಹೆಗಲ ಮೇಲೆ ಕೂತಿತು. ಜನ ಬಾಯಿ ತೆರೆದಿದ್ದರು, ನಗುವುದೊಂದೇ ಬಾಕಿ. ಮಧುಕೇಶ್ವರ ತಡವರಿಸಿದನೇ? ಇಲ್ಲ. ಎದ್ದು ನಿಂತು ಬಲಗಡೆಯದನ್ನೂ ತನ್ನ ಕೈಯಿಂದಲೇ ಕಿತ್ತೆಸೆದ. "ಶತ್ರುವಿನ ಕೋಟೆ ಉರುಳುವ ತನಕ ಈ ಮುಖಕ್ಕೆ ಮೀಸೆಯ ಸಿಂಗಾರ ಬೇಡ" ಎಂದ. ಸೀಟಿಯೋ ಸೀಟಿ. ಮರುವರ್ಷ ಅದೇ ಊರವರು ಮೀಸೆ ಕೀಳುವ ಸೀನು ಇದೆಯೇ ಎಂದು ಕೇಳಿಕೊಂಡೇ ವೀಳ್ಯ ಕೊಟ್ಟರು.

ರಂಗದ ಮೇಲೆ ತಪ್ಪು ಎಂಬುದೇ ಇಲ್ಲ, ಮಗಳೇ. ತಪ್ಪಿದವನು ತಡವರಿಸಿದರೆ ಅದು ತಪ್ಪು. ಗೊಂಬೆಯ ಮುಂದೆ ಏನು ಮರೆತರೂ ಮುಖ ಬಾಡಬಾರದು, ಕೈ ನಿಲ್ಲಬಾರದು, ದನಿ ನಡುಗಬಾರದು. ನೋಡುವವರಿಗೆ ತಿಳಿಯಗೊಡಬೇಡ.

ಜಯವಾಗಲಿ.

ನಿನ್ನ ಅಪ್ಪ,
ಮಧುಕೇಶ್ವರ


ಶಿರಸಿ
ನವೆಂಬರ್ 24, 2024

ತೀರ್ಥರೂಪ ಅಪ್ಪಾಜಿಗೆ, ಅವ್ವನಿಗೆ ವಾಣಿಯ ನಮಸ್ಕಾರಗಳು.

ನಿಮ್ಮ ಪತ್ರವನ್ನು ಓದಿದೆ. ಮೀಸೆಯ ಕಥೆಗೆ ವಾರ್ಡನ್ ಕೂಡ ಬಾಗಿಲಾಚೆ ನಿಂತು ನಕ್ಕರು. ಇನ್ನೊಂದು ಸಲ ಓದು ಎಂದು ಹುಡುಗಿಯರು ಗಂಟುಬಿದ್ದರು.

ನನ್ನ ದಿನ ಕೈ ತೊಳೆಯುವುದರಿಂದ ಶುರುವಾಗುತ್ತದೆ. ಬಳೆ, ಉಂಗುರ, ಗಡಿಯಾರ ಎಲ್ಲ ತೆಗೆದು ಮೊಣಕೈ ತನಕ ತಿಕ್ಕಿ ತೊಳೆಯಬೇಕು. ಒಳಗೆ ಹೋದ ಮೇಲೆ ದನಿ ಇಳಿಸಬೇಕು. ಮೊದಲ ದಿನ ನಾನು "ನಮಸ್ತೇ ಸಿಸ್ಟರ್" ಎಂದದ್ದಕ್ಕೆ ಹೆಡ್ ಸಿಸ್ಟರ್ ನಮಿತಾ, "ಇಲ್ಲಿ ಮೈಕ್ ಹಚ್ಚೂದಿಲ್ಲ" ಎಂದರು. ಅವರು ಸಿದ್ದಾಪುರ ಕಡೆಯವರು. ನಗುವುದು ಕಡಿಮೆ. ಆದರೆ ಅವರು ಪೆಟ್ಟಿಗೆಯ ಗುಂಡು ಕಿಟಕಿಯೊಳಗೆ ಕೈ ಹಾಕಿದರೆ ಅಳುವ ಕೂಸು ಸುಮ್ಮನಾಗುತ್ತದೆ.

ಇಲ್ಲಿನ ಕೂಸುಗಳು ಎಷ್ಟು ಸಣ್ಣವೆಂದರೆ ಅವ್ವ ನಂಬುವುದಿಲ್ಲ. ಒಂದರ ತೊಡೆ ನನ್ನ ಹೆಬ್ಬೆರಳಿನಷ್ಟು. ಚರ್ಮ ಈರುಳ್ಳಿಯ ಒಳಪೊರೆಯ ಹಾಗೆ. ಮೂಗಿನ ನಳಿಗೆಗೆ ಅಂಟಿಸಿದ ಪಟ್ಟಿಯನ್ನು ಸುಮ್ಮನೆ ಎಳೆದರೆ ಚರ್ಮವೇ ಜೊತೆಗೆ ಬರುತ್ತದೆ. ಒದ್ದೆ ಹತ್ತಿಯಿಂದ ನೆನೆಸುತ್ತ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಹೋದ ವಾರ ಅದನ್ನು ನನಗೆ ಮಾಡಲು ಬಿಟ್ಟರು. ಕೂಸು ಎಚ್ಚರಾಗಲಿಲ್ಲ, ಚರ್ಮ ಕೆಂಪಾಗಲೂ ಇಲ್ಲ. ಹೊರಗೆ ಬಂದು ನೋಡಿದರೆ ನನ್ನ ಬೆನ್ನು ಪೂರ್ತಿ ಬೆವೆತಿತ್ತು. ಇದೇ ನನ್ನ ಕೆಲಸ ಎಂದು ಅವತ್ತು ಅನ್ನಿಸಿತು.

ಪರೀಕ್ಷೆ ಡಿಸೆಂಬರ್ ಹನ್ನೆರಡಕ್ಕೆ. ಗೊಂಬೆಗೆ ಇಲ್ಲಿನವರು ಚೌಡ ಎಂದು ಹೆಸರಿಟ್ಟಿದ್ದಾರೆ. ಹುಟ್ಟಿದ ಕೂಡಲೇ ಅಳದ, ಉಸಿರಾಡದ ಕೂಸು ಚೌಡ. ಅವನ ಬಾಯಿ ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು, ಅದಕ್ಕೆ ಜೋಡಿಸಿದ ರಬ್ಬರಿನ ಚೀಲ ಒತ್ತಿ ಗಾಳಿ ಕೊಡಬೇಕು. ಸರಿಯಾಗಿ ಕೊಟ್ಟರೆ ಅವನ ಎದೆ ಏಳುತ್ತದೆ. ಏಳದಿದ್ದರೆ ಗಾಳಿ ಎಲ್ಲೋ ಸೋರಿದೆ ಎಂದು ಅರ್ಥ. ಮೊದಲ ನಿಮಿಷವೇ ಎಲ್ಲ.

ಜನರಲ್ ವಾರ್ಡಿನ ಕೆಲಸ ಕೀಳು ಎಂದು ನಾನು ಹೇಳುವುದಿಲ್ಲ, ಅಪ್ಪಾಜಿ. ಆದರೆ ನನಗೆ ಇದು ಬೇಕು.

ನಿಮ್ಮ ಮಗಳು,
ವಾಣಿಶ್ರೀ


ಗುಡ್ನಾಪುರ
ಡಿಸೆಂಬರ್ 15, 2024

ಜಯಭೇರಿಯ ಸದ್ದಿಗಾಗಿ ಕಿವಿಯೊಡ್ಡಿರುವ ಮಹಾಜನರೇ!

ಹನ್ನೆರಡು ಹೋಗಿ ಹದಿನೈದಾಯಿತು. ವಾಣಿಯ ಸುದ್ದಿಯಿಲ್ಲ. ಗೆದ್ದ ಸಂಭ್ರಮದಲ್ಲಿ ಬರೆಯಲು ಪುರುಸೊತ್ತಾಗಿಲ್ಲ ಎಂದು ನಾನು. ನಿನ್ನವ್ವ ಏನೂ ಅನ್ನುವುದಿಲ್ಲ, ಸುಮ್ಮನೆ ಅಂಚೆಯವನ ಸೈಕಲ್ಲಿನ ದಾರಿ ನೋಡುತ್ತಾಳೆ. ಶಾಂತಾರಾಮನಿಗೆ ನಾನು ಆಗಲೇ ಹೇಳಿಯಾಗಿದೆ: ಚೌಡನ ಎದೆ ಎದ್ದಿತು, ನನ್ನ ಮಗಳ ಕೊರಳಿಗೆ ಹಾರ ಬಿತ್ತು ಎಂದು. ಬರುವ ನಾಟಕದ ಶುರುವಿನಲ್ಲಿ ಪರದೆಯ ಮುಂದೆ ಬಂದು ಇದನ್ನು ಊರಿಗೇ ಸಾರುವವನಿದ್ದೇನೆ. ನೀನು ಒಂದು ಗೆರೆ ಬರೆದರೆ ಸಾಕು, ಉಳಿದದ್ದನ್ನು ನಾನು ತುಂಬಿಕೊಳ್ಳುತ್ತೇನೆ.

ಕಾಯುತ್ತಿರುವ ಅಪ್ಪ,
ಮಧುಕೇಶ್ವರ


ಶಿರಸಿ
ಡಿಸೆಂಬರ್ 19, 2024

ಅಪ್ಪಾಜಿ,

ಈ ಪತ್ರವನ್ನು ತಾಲೀಮು ಮನೆಯಲ್ಲಿ ಓದಬೇಡಿ. ನಿಮ್ಮ ಹೋದ ಪತ್ರವನ್ನು ನಾನೂ ಇಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ನಾನು ಸೋತೆ.

ಶುರುವೆಲ್ಲ ಚೆನ್ನಾಗಿತ್ತು. ಚೌಡನ ಮೈ ಒರೆಸಿದೆ, ತಲೆಯನ್ನು ಸರಿಯಾಗಿ ಇಟ್ಟೆ, ಮಾಸ್ಕ್ ಕೂರಿಸಿ ಚೀಲ ಒತ್ತಿದೆ. ಎದೆ ಏಳಲಿಲ್ಲ. ಮತ್ತೆ ಒತ್ತಿದೆ, ಏಳಲಿಲ್ಲ. ಮಾಸ್ಕಿನ ಒಂದು ಅಂಚು ಎದ್ದಿತ್ತು, ನನಗೆ ಅದು ಕಂಡಿತ್ತು. ನಿಲ್ಲಿಸಿ ಸರಿಪಡಿಸಿದ್ದರೆ ಮುಗಿದಿತ್ತು. ಆದರೆ ಡಾಕ್ಟರು, ನಮಿತಾ ಸಿಸ್ಟರು, ಕಲಿಯುವ ಹುಡುಗಿಯರು ಎಲ್ಲ ಎದುರಿಗೆ ನಿಂತಿದ್ದರು. ನನ್ನ ಮುಖ ಬಾಡಲಿಲ್ಲ, ಕೈ ನಿಲ್ಲಲಿಲ್ಲ, ದನಿ ನಡುಗಲಿಲ್ಲ. ತಾಳ ಹಾಕಿದ ಹಾಗೆ ಎಣಿಸುತ್ತ ಹೋದೆ. "ಎದೆ ಏಳುತ್ತಾ ಇದೆ" ಎಂದು ಗಟ್ಟಿಯಾಗಿ ಹೇಳಿದೆ. ಒಬ್ಬಳು ಹುಡುಗಿ ಮೆಚ್ಚಿ ತಲೆಯಾಡಿಸಿದಳು ಕೂಡ.

ಮುಗಿದ ಮೇಲೆ ನಮಿತಾ ಸಿಸ್ಟರ್ ನನ್ನೊಬ್ಬಳನ್ನೇ ಕರೆದರು.

"ಆಕ್ಟಿಂಗ್ ಚಂದ ಇತ್ತು" ಎಂದರು. "ಕೂಸು ಮಾತ್ರ ಸತ್ತೋಯ್ತು."

ಎದೆ ಏಳದ್ದು ನಿನಗೆ ಗೊತ್ತಿತ್ತೋ ಎಂದು ಕೇಳಿದರು. ಗೊತ್ತಿತ್ತು ಎಂದೆ.

"ಮಾಸ್ಕ್ ಸರಿ ಕೂರ್ದೇ ಇರೂದು ಯಾರಿಗೂ ಆಗ್ತದೆ. ನಂಗೂ ಆಗ್ತದೆ. ಅದಕ್ಕೆ ನಾ ಫೇಲ್ ಮಾಡೂದಿಲ್ಲ. ನೀ ಮುಚ್ಚಿದೆಯಲ್ಲ, ಅದಕ್ಕೆ ಮಾಡ್ದೆ. ನೀ ಮುಚ್ಚಿದ್ರೆ ಪಕ್ಕದಲ್ಲಿ ನಿಂತ ನಂಗೆ ಕೈ ಹಾಕೂಕೂ ಆಗೂದಿಲ್ಲ."

ಜನವರಿ ಕೊನೆಯಲ್ಲಿ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅದೇ ಕೊನೆಯದು. ಹೇಗೆ ಮಾಡಬೇಕೆಂದು ನನಗೆ ಗೊತ್ತು, ಕೈಗೂ ಗೊತ್ತು. ತಪ್ಪಿದಾಗ ಬಾಯಿ ಬಿಡುವುದು ಗೊತ್ತಿಲ್ಲ. ಅದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಓದಲು ನೋಡಬೇಡಿ.

ವಾಣಿ


ಗುಡ್ನಾಪುರ
ಜನವರಿ 2, 2025

ವಾಣೀ,

ನಾ ನಿಮ್ಮವ್ವ. ನಿಮ್ಮಪ್ಪಾಜಿ ಬರೀವಲ್ರು, ಅದಕ್ಕ ನಾನ ಕುಂತೀನಿ. ನೀ ಹೊಡೆದು ಹಾಕಿದ್ದ ಸಾಲನ್ನ ಬಿಸಿಲಿಗೆ ಹಿಡಿದು ನೋಡಿದ್ರು. ಓದಾಕ ಬಂತೋ ಇಲ್ಲೋ, ಕೇಳಿಲ್ಲ. ಅವತ್ತಿಂದ ತಾಲೀಮಿಗೆ ಹೋಗಿಲ್ಲ. ಮನ್ಯಾಗ ಸದ್ದ ಇಲ್ಲ. ಕೊಟ್ಟಿಗ್ಯಾಗ ಎಮ್ಮಿ ಸೈತ ಗಾಬರಿ ಆಗೇತಿ, ಹಾಲು ಕಡಿಮಿ ಕೊಡ್ತದ.

ಶಾಂತಾರಾಮ ಬಂದು ಅಣ್ಣಾರಿಗೆ ಜ್ವರ ಏನ್ರಿ ಅಂತ ಕೇಳಿದ. ಹೌದು ಅಂದೆ.

ನೀ ಹನ್ನೆರಡನೇ ತಾರೀಖು ಐತವಾರ ಊರಿಗೆ ಬಾ. ಆ ಗೊಂಬಿ ಎಷ್ಟು ಉದ್ದ, ಎಷ್ಟು ತೂಕ, ಕಾರ್ಡಿನ್ಯಾಗ ಬರದು ಹಾಕು. ಅಕ್ಕಿ ತುಂಬಿ ಅಂಥಾದ್ದ ಒಂದು ಹೊಲಿದಿಟ್ಟಿರ್ತೀನಿ. ಬಿದ್ದಲ್ಲೇ ಏಳಬೇಕವ್ವಾ, ಬ್ಯಾರೆ ದಾರಿ ಇಲ್ಲ.

ಉಣ್ಣೂದು ಬಿಡಬ್ಯಾಡ.

ಪಾರ್ವತವ್ವ


ಗುಡ್ನಾಪುರ
ಜನವರಿ 13, 2025

ಮಹಾಜನರೇ, ಮತ್ತೆ ಒಟ್ಟಾಗಿ. ಈ ಪತ್ರವನ್ನು ವಾಣಿ ಗಟ್ಟಿಯಾಗಿಯೇ ಓದಬೇಕು, ನನ್ನ ಅಪ್ಪಣೆ. ನಿನ್ನೆ ಭಾನುವಾರ ಗುಡ್ನಾಪುರದ ತಾಲೀಮು ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಅವಳಾಗಿ ನಿಮಗೆ ಹೇಳಲಾರಳು.

ನಮ್ಮ ಸಿಂಹಾಸನದ ಮೇಲೆ ರಾಜನಿಲ್ಲ, ಅಕ್ಕಿಯ ಕೂಸು ಮಲಗಿದೆ. ಪಾರ್ವತವ್ವ ಅದಕ್ಕೆ ಕಣ್ಣು ಮೂಗು ಹೊಲಿದಿದ್ದಾಳೆ, ದೃಷ್ಟಿಬೊಟ್ಟನ್ನೂ ಮರೆತಿಲ್ಲ. ಮಾಸ್ಕಿಗೆ ಎಣ್ಣೆ ಹೊಯ್ಯುವ ಲಾಳಿಕೆ. ಚೀಲಕ್ಕೆ ಹಳೆಯ ಪೋಂ ಪೋಂ ಹಾರ್ನಿನ ರಬ್ಬರು. ಶಾಂತಾರಾಮ ಹಾರ್ಮೋನಿಯಂ ಮೇಲೆ ಕೈಯೂರಿ, ಕನ್ನಡಕ ಏರಿಸಿ ಡಾಕ್ಟರಾಗಿದ್ದಾನೆ. ನಮಿತಾ ಸಿಸ್ಟರಿನ ಪಾರ್ಟು ಪಾರ್ವತವ್ವನದು. ನಲವತ್ತು ವರ್ಷ ನಾಟಕ ನೋಡಿ ಬೇಸತ್ತ ಆಕೆ ಮೊದಲ ಸಲ ರಂಗಕ್ಕಿಳಿದಿದ್ದಾಳೆ. ಎದುರಿಗೆ ನಮ್ಮ ತಂಡವೆಲ್ಲ ಚಾಪೆಯ ಮೇಲೆ. ನಡುವೆ ಕುರ್ಚಿಯಲ್ಲಿ ನಾನು.

ಆಟದ ನಿಯಮ ಪಾರ್ವತವ್ವನದೇ. ವಾಣಿ ಕೆಲಸ ಶುರುಮಾಡಿದ ಮೇಲೆ ಆಕೆ ಏನಾದರೊಂದು ಕೆಡಿಸುತ್ತಾಳೆ. ವಾಣಿ ಅದನ್ನು ಕಂಡ ಕೂಡಲೇ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ತಪ್ಪಾಯಿತೆಂದು ಹೇಳಬೇಕು. ಇಷ್ಟೇ.

ಶುರುವಾಯಿತು. ಪಾರ್ವತವ್ವ ಲಾಳಿಕೆಯನ್ನು ಓರೆ ಮಾಡಿದಳು. ವಾಣಿಗೆ ಕಂಡಿತು. ಆದರೆ ಆ ಮುಖ! ಪೂರ್ಣಿಮೆಯ ಚಂದ್ರನಂತೆ ನಗುತ್ತ, ಓರೆಯಾದ ಲಾಳಿಕೆಯಲ್ಲೇ ಎಷ್ಟು ಚೆಂದ ಮುಂದುವರಿಸಿದಳೆಂದರೆ, ಚಾಪೆಯ ಮೇಲಿದ್ದವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟರು.

"ಚಪ್ಪಾಳಿ ಹೊಡಿಬ್ಯಾಡ್ರಿ" ಎಂದಳು ಪಾರ್ವತವ್ವ. "ಕೂಸು ಹೋತು."

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ವಾಣಿಯ ಕೈ ನಿಂತಿತು, ಬಾಯಿ ತೆರೆಯಿತು, ಕಣ್ಣು ನನ್ನ ಕುರ್ಚಿಯ ಕಡೆ ಬಂತು, ಬಾಯಿ ಮುಚ್ಚಿತು. ನಾನು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತೆ. ಆಗಲೂ ಇಲ್ಲ. ಎದ್ದು ಹೋಗಲೇ ಎಂದು ಯೋಚಿಸಿದೆ. ಅಣ್ಣಾರ ಬೆನ್ನಿಗೂ ಹೆದರ್ತಾಳ ಹುಡುಗಿ ಎಂದು ಶಾಂತಾರಾಮ ನಗೆಯಾಡಿದ. ಯಾರೂ ನಗಲಿಲ್ಲ.

ನಾನು ಎದ್ದೆ. ಸಿಂಹಾಸನದ ಬಳಿ ಹೋಗಿ, ಅಂಗಿಯ ತೋಳು ಮಡಚಿ, ಮಗಳ ಕೈಯಿಂದ ಲಾಳಿಕೆ ತೆಗೆದುಕೊಂಡೆ. ಅದನ್ನು ಎಲ್ಲಿಡಬೇಕೆಂದು ನನಗೇನು ಗೊತ್ತು? ಕೂಸಿನ ಹಣೆಯ ಮೇಲಿಟ್ಟು ರಬ್ಬರು ಒತ್ತಿದೆ. ಪೋಂ ಎಂದಿತು. ಆ ತಾಲೀಮು ಮನೆಯಲ್ಲಿ, ಯಾವ ಸೀನಿನಲ್ಲೂ ಯಾವತ್ತೂ ನಿಂತು ಗೊತ್ತಿರದ ನಾನು, ನಿಂತೆ.

"ನಿಲ್ಲಿಸ್ರಿ" ಎಂದೆ. "ತಪ್ಪು ನಂದು."

ಶಾಂತಾರಾಮನ ಕೈ ಜಾರಿ ಹಾರ್ಮೋನಿಯಂ ತಾನಾಗಿ ಉಸಿರು ಬಿಟ್ಟಿತು. ಲಾಳಿಕೆ ಇಟ್ಟ ಜಾಗದ ಬಗ್ಗೆ ಹೇಳಿದೆನೆಂದು ಅವನು ತಿಳಿದಿದ್ದಾನೆ. ತಿಳಿದುಕೊಳ್ಳಲಿ.

ಆಮೇಲೆ, ಮಹಾಜನರೇ, ನಿಮ್ಮ ವಾಣಿ ಹೇಳಿದಳು. ಮೊದಲು ಗುಬ್ಬಿಯ ದನಿಯಲ್ಲಿ. ಪಾರ್ವತವ್ವ ಕೇಳಿಸಲಿಲ್ಲ ಎಂದಳು. ಮತ್ತೆ ಹೇಳಿದಳು. ಲಾಳಿಕೆ ಓರೆಯಾದಾಗ, ರಬ್ಬರು ಕಳಚಿದಾಗ, ಕೂಸಿನ ಕತ್ತು ತಿರುಗಿದಾಗ, ಹೇಳಿದಳು, ಹೇಳಿದಳು, ಸಂಜೆಯ ಬಸ್ಸಿನ ಹೊತ್ತಿಗೆ ಗಂಟಲು ಕಟ್ಟುವ ತನಕ ಹೇಳಿದಳು. ಕೊನೆಕೊನೆಗೆ ಅವಳ ಮುಖದಲ್ಲಿ ನಾಟಕವಿರಲಿಲ್ಲ. ಕೂಸಿನ ಮೇಲೆ ಮಾತ್ರ ಕಣ್ಣಿತ್ತು.

ಅವಳು ಹೋದ ಮೇಲೆ ನಾನು ಉಂಡೆ. ಎಮ್ಮೆಯೂ ಸರಿಯಾಗಿ ಹಾಲು ಕೊಟ್ಟಿತು.

ಮಧುಕೇಶ್ವರ


ಶಿರಸಿ
ಜನವರಿ 29, 2025

ಅಪ್ಪಾಜಿ, ಅವ್ವಾ,

ಇವತ್ತು ನನ್ನ ಎರಡನೇ ಪರೀಕ್ಷೆ ಇತ್ತು. ನಾನು ಪರೀಕ್ಷೆಗೆ ಹೋಗಲಿಲ್ಲ. ಗಾಬರಿಯಾಗಬೇಡಿ, ಪೂರ್ತಿ ಓದಿ.

ನಿನ್ನೆ ಬೆಳಿಗ್ಗೆ ವಜ್ರಳ್ಳಿ ಕಡೆಯಿಂದ ಹೊನ್ನಿ ಎಂಬಾಕೆಯನ್ನು ಆಂಬುಲೆನ್ಸಿನಲ್ಲಿ ತಂದರು. ಇನ್ನೂ ದಿನ ತುಂಬಿರಲಿಲ್ಲ, ಬಂದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಕೂಸಿಗೆ ಬೇಕಾಗುವ ಸಾಮಾನಿನ ಟ್ರೇ ಸಜ್ಜು ಮಾಡಿದವಳು ನಾನು. ಹೆಣ್ಣು ಕೂಸು, ಅಳಲಿಲ್ಲ. ಮೈ ನೀಲಿ. ಡಾಕ್ಟರು ಟ್ರೇಯಿಂದ ಮಾಸ್ಕ್ ತೆಗೆದುಕೊಂಡು ಚೀಲ ಒತ್ತಿದರು. ಎದೆ ಏಳಲಿಲ್ಲ. ಕತ್ತು ಸರಿಮಾಡಿ ಮತ್ತೆ ಒತ್ತಿದರು. ಎಲ್ಲರ ಕಣ್ಣೂ ಕೂಸಿನ ಮೇಲಿತ್ತು. ನನ್ನ ಕಣ್ಣು ಮಾಸ್ಕಿನ ಮೇಲೆ ಹೋಯಿತು. ಅದು ದಿನ ತುಂಬಿದ ಕೂಸಿನ ಅಳತೆಯದು. ಸಣ್ಣದನ್ನು ಇಡಬೇಕಾಗಿತ್ತು. ಗಡಿಬಿಡಿಯಲ್ಲಿ ದೊಡ್ಡದನ್ನು ಇಟ್ಟವಳು ನಾನೇ.

ಸಣ್ಣ ಮಾಸ್ಕ್ ನನ್ನ ಹಿಂದಿನ ಡ್ರಾಯರಿನಲ್ಲಿತ್ತು. ಸದ್ದಿಲ್ಲದೆ ತೆಗೆದು ಟ್ರೇಯ ಅಂಚಿಗೆ ಸರಿಸಿಟ್ಟರೆ ಯಾರ ಕೈಗಾದರೂ ಸಿಕ್ಕೇ ಸಿಗುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಸಿಗುವ ತನಕ ಕೂಸು ಕಾಯಬೇಕಿತ್ತು.

"ಡಾಕ್ಟರೇ, ಮಾಸ್ಕ್ ದೊಡ್ಡದು" ಎಂದೆ. "ನಾನು ತಪ್ಪಿ ಇಟ್ಟಿದ್ದೇನೆ. ಸಣ್ಣದು ತಗೊಳ್ಳಿ."

ನನ್ನ ದನಿ ಎಷ್ಟು ದೊಡ್ಡದಿತ್ತೋ ಗೊತ್ತಿಲ್ಲ. ಹೆರಿಗೆ ಮಂಚದ ಮೇಲಿದ್ದ ಹೊನ್ನಿ ತಲೆಯೆತ್ತಿ ನೋಡಿದಳಂತೆ. ಡಾಕ್ಟರು ಒಂದು ಮಾತೂ ಆಡದೆ ಕೈ ಚಾಚಿದರು, ನಾನು ಬದಲಿಸಿದೆ, ಅವರು ಒತ್ತಿದರು. ಎದೆ ಎದ್ದಿತು, ಅಪ್ಪಾಜಿ. ಮತ್ತೆ ಎದ್ದಿತು. ಎದೆಯ ಮೇಲೆ ನಸುಗೆಂಪು ಹರಡಿ, ಅಲ್ಲಿಂದ ಮುಖಕ್ಕೆ ಏರಿತು. ಬೆಕ್ಕಿನ ಮರಿಯಂತೆ ಒಂದು ದನಿ ಬಂತು.

ಕೂಸನ್ನು ಎನ್‌ಐಸಿಯುಗೆ ತಂದು ಪೆಟ್ಟಿಗೆಯಲ್ಲಿ ಮಲಗಿಸಿದೆವು. ಅಪ್ಪಂದಿರು ಹೊರಗೆ ಗಾಜಿನಾಚೆ ನಿಂತು ನೋಡಬೇಕು, ಅದು ಇಲ್ಲಿನ ಪದ್ಧತಿ. ಹೊನ್ನಿಯ ಗಂಡ ಕೆರಿಯ ಅಲ್ಲಿ ನಿಂತಿದ್ದ. ನಾನು ಹೊರಗೆ ಬಂದಾಗ, ಆಗ ಕೂಗಿದ್ದು ನಮ್ಮದೇ ಕೂಸಾ ಎಂದು ಕೇಳಿದ. ನಿಮ್ಮದೇ ಎಂದೆ. ಅವನು ಗಾಜಿನ ಕಡೆಗೇ ತಿರುಗಿ ನಿಂತ, ಬಹಳ ಹೊತ್ತು ಈ ಕಡೆ ನೋಡಲಿಲ್ಲ.

ಆಮೇಲೆ ನಮಿತಾ ಸಿಸ್ಟರ್ ಕರೆಸಿದರು. ಟ್ರೇ ಸಜ್ಜು ಮಾಡುವಾಗ ಎರಡೂ ಅಳತೆ ಇಡಬೇಕೆಂದು ಎಷ್ಟು ಸಲ ಹೇಳಬೇಕು ಎಂದು ಬೈದರು, ಚೆನ್ನಾಗಿಯೇ ಬೈದರು. ನಾನು ನಿಂತು ಕೇಳಿದೆ. ಕೊನೆಗೆ, "ನಾಳೆ ಟೆಸ್ಟಿಗೆ ಬರೂದು ಬೇಡ" ಎಂದರು.

ಮುಗಿಯಿತು ಎಂದುಕೊಂಡೆ. ಕಣ್ಣು ತುಂಬಿದ್ದನ್ನು ಮುಚ್ಚಲೂ ಹೋಗಲಿಲ್ಲ.

"ಎಂತಕ್ಕೆ ಅಳ್ತೆ?" ಎಂದರು. "ಗೊಂಬೆ ಎದುರು ಕೇಳ್ಬೇಕಿದ್ದ ಮಾತು ನಿಜವಾದ ಕೂಸಿನ ಎದುರೇ ಕೇಳಾಯ್ತು. ಮತ್ತೆಂತ ಟೆಸ್ಟು? ಫೆಬ್ರವರಿ ಮೂರಕ್ಕೆ ಬೆಳಗಿನ ಪಾಳಿಗೆ ಬಾ. ಹೊನ್ನಿ ಕೂಸು ನಿನ್ನ ಪಾಲಿಗೆ."

ಈ ಪತ್ರವನ್ನು ಎಲ್ಲಿ ಬೇಕಾದರೂ ಓದಿ. ಎಷ್ಟು ಗಟ್ಟಿಯಾಗಿ ಬೇಕಾದರೂ ಓದಿ.

ನಿಮ್ಮ ಮಗಳು,
ಎನ್‌ಐಸಿಯು ಸಿಸ್ಟರ್ ವಾಣಿಶ್ರೀ


ಗುಡ್ನಾಪುರ
ಫೆಬ್ರವರಿ 2, 2025

ಮಹಾಜನರೇ! ಹಾಸ್ಟೆಲಿನವರೇ, ವಾರ್ಡನ್ ಅವರೇ, ಪಾಳಿಯ ಮೇಲಿರುವವರೇ, ನಿದ್ದೆಯಲ್ಲಿರುವವರೇ, ಇವತ್ತೊಂದು ದಿನ ಎದ್ದು ಕೂತು ಕೇಳಿ!

ಪತ್ರ ನಿನ್ನೆ ತಲುಪಿತು. ಮನೆಯಲ್ಲಿ ಓದಿದೆ, ಪಾರ್ವತವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಹೊಗೆ ಎಂದಳು. ಒಲೆ ಹಚ್ಚಿರಲಿಲ್ಲ. ತಾಲೀಮು ಮನೆಯಲ್ಲಿ ಸಿಂಹಾಸನದ ಮೇಲೆ ನಿಂತು ಓದಿದೆ. "ಎದೆ ಎದ್ದಿತು, ಅಪ್ಪಾಜಿ" ಎಂಬ ಸಾಲಿಗೆ ಬಂದಾಗ ನನ್ನ ದನಿ ಕೈಕೊಟ್ಟಿತು. ಮೊದಲಿನ ಮಧುಕೇಶ್ವರನಾಗಿದ್ದರೆ ಅದಕ್ಕೊಂದು ಕೆಮ್ಮು ಜೋಡಿಸಿ ದಾಟಿಸುತ್ತಿದ್ದ. ನಾನು ನಿಲ್ಲಿಸಿ, ಗಂಟಲು ತುಂಬಿತು, ಸ್ವಲ್ಪ ತಾಳ್ರಿ ಎಂದೆ. ತಾಳಿದರು. ಶಾಂತಾರಾಮ ಎದ್ದು ಬಂದು ಪತ್ರ ಇಸಿದುಕೊಂಡು ಉಳಿದದ್ದನ್ನು ತಾನೇ ಓದಿದ. ಕೆಟ್ಟದಾಗಿ ಓದಿದ. ಆದರೆ ಕೊನೆಯಲ್ಲಿ ನಿನ್ನ ಸಹಿಯನ್ನು, ಹೆಸರಿನ ಹಿಂದಿನ ಪದವಿ ಸಮೇತ, ಮೂರು ಸಲ ಕೂಗಿದ. ಅವನ ಅಪಸ್ವರ ಇಷ್ಟು ಇಂಪಾಗಿ ಯಾವತ್ತೂ ಕೇಳಿರಲಿಲ್ಲ. ಊರಿಗೆಲ್ಲ ಬೆಲ್ಲ ಕೊಬ್ಬರಿ ಹಂಚಿದ್ದೇವೆ. ಕೆರೆಯ ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದ ಗಂಗೆ ತಾನು ಎಲ್ಲವನ್ನೂ ಅಲ್ಲಿಂದಲೇ ಕೇಳಿದೆನೆಂದು ಹೇಳಿ ತನ್ನ ಪಾಲು ಇಸಿದುಕೊಂಡಳು.

ಈ ಪತ್ರವನ್ನು ಅಂಚೆಗೆ ಹಾಕುವ ತಾಳ್ಮೆ ನನಗಿಲ್ಲ. ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ, ಇವತ್ತೇ ನಿನಗೆ ಮುಟ್ಟುತ್ತದೆ.

ಮಗಳೇ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ನಿನ್ನ ಪಾಳಿ ಶುರುವಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿರುತ್ತೇನೆ. ಒಳಗೆ ಬಿಡುವುದಿಲ್ಲವೆಂದು ಗೊತ್ತು, ಕೇಳುವುದೂ ಇಲ್ಲ. ಗಾಜಿನಾಚೆ ಅಪ್ಪಂದಿರು ನಿಂತಿರುತ್ತಾರಲ್ಲ, ಅವರ ಸಾಲಿನಲ್ಲಿ ಹೋಗಿ ನಿಲ್ಲುತ್ತೇನೆ. ನೀನು ಈ ಕಡೆ ನೋಡಬೇಡ, ಕೈಯಲ್ಲಿ ಕೂಸಿರುತ್ತದೆ. ನಾನು ಬಾಯಿ ಬಿಡುವುದಿಲ್ಲ, ಆಣೆ. ಪಕ್ಕದಲ್ಲಿ ನಿಂತವರು ಯಾರಾದರೂ ನಿಮ್ಮ ಕೂಸು ಯಾವುದೆಂದು ಕೇಳಿಯೇ ಕೇಳುತ್ತಾರೆ. ಆಗ ಬೆರಳೆತ್ತಿ ನಿನ್ನನ್ನು ತೋರಿಸುತ್ತೇನೆ.

ನಿನ್ನ ಅಪ್ಪ,
ಮಧುಕೇಶ್ವರ